ಎಂಟನೆಯ ಕಂಬ

ಆ ಬಡಗಿಯನ್ನು ಎಲ್ಲರೂ ಗೂಟದಣ್ಣ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಮೊಳೆಯನ್ನು ಅವನು ಮುಟ್ಟುತ್ತಿರಲಿಲ್ಲ. ತೊಲೆಗೆ ತೂತು ಕೊರೆದು, ಕಂಬದ ನೆತ್ತಿಯನ್ನು ಅದರೊಳಗೆ ಇಳಿಸಿ, ಅಡ್ಡಕ್ಕೆ ಮರದ ಗೂಟ ಹೊಡೆದುಬಿಟ್ಟರೆ ಅಲ್ಲಿಗೆ ಕೆಲಸ ಮುಗಿಯಿತು. ಹತ್ತಿರದ ಗುಡ್ಡದಲ್ಲಿ ಗಾಳಿಗೆ ಉರುಳಿದ ಮರಗಳನ್ನು ತಂದು, ಒಣಗಿಸಿ, ಬಯಲಲ್ಲಿ ನಿಲ್ಲುವ ಚಪ್ಪರ, ತಂಗುಮಂಟಪಗಳನ್ನು ಕಟ್ಟುತ್ತಿದ್ದ. ಕಲ್ಲಿನ ಕೆಲಸ ಅವನ ಅಕ್ಕನದು. ಅಪ್ಪನಿಂದ ತಮ್ಮ ಉಳಿ ಹಿಡಿಯುವುದನ್ನು ಕಲಿತರೆ, ಅಕ್ಕ ಪಕ್ಕದ ಕ್ವಾರಿಯ ಮುದುಕನ ಬೆನ್ನು ಬಿದ್ದು ಕಲ್ಲು ಕೆತ್ತುವ ಚಾಣ ಹಿಡಿಯುವುದನ್ನು ಕಲಿತಿದ್ದಳು. "ನೀನು ಕಟ್ಟಿದ್ದು ನಾಲ್ಕು ಜನ ಸೇರಿದರೆ ಬಿಚ್ಚಬಹುದು ಕಣೋ. ನನ್ನದು ಭೂಕಂಪವೇ ಬರಬೇಕು" ಎಂದು ತಮ್ಮನನ್ನು ಕಿಚಾಯಿಸುತ್ತಿದ್ದಳು.

ಅರ್ಧ ದಿನದ ಬಸ್ ದಾರಿಯಲ್ಲಿದ್ದ ದೊಡ್ಡಾಸ್ಪತ್ರೆಯ ಅಂಗಳದಲ್ಲಿ, ರೋಗಿಗಳ ಕಡೆಯವರು ಕೂರಲು ಒಂದು ತೆರೆದ ಮಂಟಪ ಬೇಕಾಗಿತ್ತು. ಎಂಟು ಕಂಬ, ಹೆಂಚಿನ ಮಾಡು, ಸುತ್ತ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಕಟ್ಟೆ. ಅಕ್ಕ ಆಗ ತುಂಬು ಗರ್ಭಿಣಿ. ಕಟ್ಟೆ ಮುಗಿಸಿ, ಕಂಬದಡಿಗೆ ಎಂಟು ಕಲ್ಲನ್ನೂ ಕೆತ್ತಿಟ್ಟು ಹೆರಿಗೆಗೆ ಹೋದಳು. ಹೊರಡುವಾಗ ಹೇಳಿದ ಮಾತು ಒಂದೇ: "ಮರದ ಕಾಲು ಮಣ್ಣಿಗೆ ತಾಗಬಾರದು. ಕಲ್ಲಿನ ಮೇಲೇ ನಿಲ್ಲಬೇಕು."

ಏಳು ಕಂಬ ಹಾಗೆಯೇ ನಿಂತವು. ಎಂಟನೆಯ ಕಲ್ಲನ್ನು ಇಳಿಸುವಾಗ ಹಗ್ಗ ಜಾರಿ, ಕಲ್ಲು ನಡುಮಧ್ಯಕ್ಕೆ ಸೀಳಿತು. ಇನ್ನೊಂದನ್ನು ಕೆತ್ತಿಸಿ ತರಲು ಎಂಟು ಹತ್ತು ದಿನ ಬೇಕಿತ್ತು. ಆಸ್ಪತ್ರೆಯವರು ಆಗಲೇ ತುದಿಗಾಲ ಮೇಲೆ ನಿಂತಿದ್ದರು. ಅವನು ಗುಂಡಿ ತೋಡಿ, ಕಂಬವನ್ನು ನೇರ ಮಣ್ಣಿಗೇ ಇಳಿಸಿ, ಸುತ್ತ ಜಲ್ಲಿ ಗಿಡಿದು ತುಂಬಿದ. ಒಡೆದ ಕಲ್ಲಿನ ಹೋಳುಗಳನ್ನು ಬುಡಕ್ಕೆ ಅಂಟಿದಂತೆ ಜೋಡಿಸಿದ. ನೋಡಿದವರಿಗೆ ಎಂಟೂ ಒಂದೇ ಥರ ಕಂಡವು.

ತಿಂಗಳ ನಂತರ ಅಕ್ಕ ಮಗಳನ್ನು ಎತ್ತಿಕೊಂಡು ಮನೆಗೆ ಬಂದಳು. "ಎಲ್ಲಾ ಸರಿಯಾಗಿ ಕೂತಿತಾ?" ಎಂದು ಕೇಳಿದಳು.

"ಕೂತಿತು" ಎಂದ.

ಹದಿನೆಂಟು ವರ್ಷ ಕಳೆಯಿತು. ಅಕ್ಕನಿಗೆ ಅತ್ತ ಹೋಗುವ ಸಂದರ್ಭವೇ ಬರಲಿಲ್ಲ. ಇವನು ಆ ಊರಿಗೆ ಹೋಗಬೇಕಾದಾಗಲೆಲ್ಲ ಆಸ್ಪತ್ರೆಯ ಬೀದಿಯನ್ನು ಬಿಟ್ಟು ಸುತ್ತು ಹಾಕುತ್ತಿದ್ದ.

ಆಮೇಲೆ ಅಕ್ಕನಿಗೆ ಕೆಮ್ಮು ಹಿಡಿಯಿತು. ಔಷಧಕ್ಕೆ ಬಗ್ಗಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬರತೊಡಗಿದಾಗ, ತಮ್ಮ ಮತ್ತು ಮಗಳು ಅವಳನ್ನು ಅದೇ ಆಸ್ಪತ್ರೆಗೆ ಕರೆತಂದರು. ಸರದಿ ಬರಲು ಹೊತ್ತಿತ್ತು. ಅಕ್ಕ ಮಂಟಪದೊಳಗೆ ಬಂದವಳು ಕೂರಲಿಲ್ಲ. ಒಂದೊಂದು ಕಂಬದ ಬುಡವನ್ನೂ ಬಗ್ಗಿ ನೋಡುತ್ತ, ಕಲ್ಲನ್ನು ಅಂಗೈಯಲ್ಲಿ ಸವರುತ್ತ, ನಿಂತು ನಿಂತು ಸುತ್ತು ಬಂದಳು. ಎಂಟನೆಯದರ ಬಳಿ ಅವಳ ಕೈ ತಡೆಯಿತು. ಬೆರಳಗೆಣ್ಣಿನಿಂದ ಕಂಬವನ್ನು ಬಡಿದಳು. ಪೊಳ್ಳು ಸದ್ದು.

"ಇದು ಕಲ್ಲಿನ ಮೇಲೆ ನಿಂತಿಲ್ಲ" ಎಂದಳು.

ಅವನು ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದ. ಮಗಳು ಇಬ್ಬರ ಮುಖವನ್ನೂ ನೋಡುತ್ತ ನಿಂತಳು. ಅಕ್ಕ ಬೈಯಲಿಲ್ಲ. ಒಳಗಿನಿಂದ ಕರೆ ಬಂತು, ಹೋದಳು.

ಮೂವತ್ತು ವರ್ಷ ಕುಡಿದ ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಗಟ್ಟಿಯಾಗಿದೆ, ಇನ್ನು ವಾಸಿಯಾಗುವ ಮಾತಿಲ್ಲ ಎಂದು ವೈದ್ಯರು ಹೇಳಿದರು. ಹೊರಗೆ ಬಂದ ಅಕ್ಕ ಗೋಡೆಗೆ ಒರಗಿ, ಉಸಿರು ಕೂಡಿಸಿಕೊಂಡು ಹೇಳಿದಳು: "ಮೊದಲು ಆ ಕಂಬದ ವಿಷಯ ಹೋಗಿ ಹೇಳು. ನನ್ನದನ್ನ ಆಮೇಲೆ ನೋಡೋಣ."

ಅವನು ಆಸ್ಪತ್ರೆಯ ಮೇಲ್ವಿಚಾರಕಿಯ ಕೋಣೆಗೆ ಹೋದ. ಆಕೆ ಕಡತದಿಂದ ತಲೆ ಎತ್ತಿ, "ಇಷ್ಟು ವರ್ಷ ನಿಂತಿದೆಯಲ್ಲಪ್ಪ, ಇನ್ನೂ ನಿಲ್ಲುತ್ತೆ ಬಿಡಿ" ಎಂದರು.

"ಇಲ್ಲ ಮೇಡಂ, ನಿಲ್ಲಲ್ಲ. ಬುಡ ಕೊಳೆತಿದೆ. ಅದರ ಕೆಳಗೆ ಜನ ಕೂರ್ತಾರೆ. ತಪ್ಪು ನನ್ನದು, ನಾನೇ ಸರಿ ಮಾಡಿಕೊಡ್ತೀನಿ."

ಮರುವಾರ ಮಂಟಪಕ್ಕೆ ಹಗ್ಗ ಕಟ್ಟಿ ಜನರನ್ನು ತಡೆದರು. ಅವನು ತೊಲೆಯ ಎರಡೂ ಕಡೆ ಜಾಕಿ ಕೊಟ್ಟು, ಮಾಡಿನ ಭಾರ ಎತ್ತಿ, ಕಂಬದ ಬುಡ ಕೊಯ್ದ. ಒಳಗೆಲ್ಲ ನೆನೆದ ರಟ್ಟಿನ ಹಾಗೆ ಮೆದುವಾಗಿತ್ತು. ಒಂದು ಮೊಳಕ್ಕೂ ಹೆಚ್ಚು ತೆಗೆಯಬೇಕಾಯಿತು. ಬೇರೆ ಕಲ್ಲುಕುಟಿಗನನ್ನು ಕರೆಯುತ್ತೇನೆ ಎಂದಾಗ ಅಕ್ಕ ಒಪ್ಪಲಿಲ್ಲ. "ನೀನೇ ಕೆತ್ತು, ನಾನು ಹೇಳ್ತೀನಿ" ಎಂದಳು.

ಗಾಳಿ ಬೀಸುವ ದಿಕ್ಕು ನೋಡಿ ಮಗಳು ಅವಳನ್ನು ಆಸ್ಪತ್ರೆಯ ಗಾಲಿಕುರ್ಚಿಯಲ್ಲಿ ದೂರ ಕೂರಿಸಿದಳು. ಪುಡಿ ಏಳದಂತೆ ಕಲ್ಲಿಗೆ ನೀರು ಸುರಿಯುತ್ತಿದ್ದಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಅಕ್ಕ ಹೇಳುತ್ತಿದ್ದಳು: "ಅಷ್ಟು ಜೋರಾಗಿ ಅಲ್ಲ... ಚಾಣ ಓರೆ ಹಿಡಿ... ಮರ ಅಲ್ವೋ ಅದು, ತಪ್ಪಿದರೆ ತೇಪೆ ಹಾಕಕ್ಕಾಗಲ್ಲ."

ಎರಡನೆಯ ದಿನ ಕೇಳಿದಳು: "ಅವತ್ತೇ ಯಾಕೆ ಹೇಳಲಿಲ್ಲ?"

"ನಿನ್ನ ಕೈಯಲ್ಲಿ ಕೂಸಿತ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆ ಆಮೇಲೆ ಬರಲೇ ಇಲ್ಲ ಅಕ್ಕ."

"ಸಿಕ್ಕಿದವರ ಹತ್ತಿರ ಎಲ್ಲಾ ಎಂಟೂ ಕಂಬ ನನ್ನ ಕಲ್ಲಿನ ಮೇಲೇ ನಿಂತಿವೆ ಅಂತ ಹೇಳ್ಕೊಂಡು ಬಂದೆ ಕಣೋ. ನೀನು ಪಕ್ಕದಲ್ಲೇ ನಿಂತು ಕೇಳ್ತಿದ್ದೆ."

ಅವನು ಚಾಣವನ್ನು ಕೆಳಗಿಟ್ಟ. ಅಕ್ಕ ಸಮಾಧಾನ ಹೇಳಲಿಲ್ಲ. "ನೀರು ಒಣಗ್ತಿದೆ, ಮುಂದುವರಿಸು" ಎಂದಳು.

ಆರು ದಿನ ಹಿಡಿಯಿತು. ಕೂರಿಸಿದ ಕಲ್ಲನ್ನು ಅವಳು ಎರಡು ಸಲ ಎತ್ತಿಸಿದಳು. ಮೂರನೆಯ ಸಲ ಜಾಕಿ ಇಳಿಸಿದಾಗ ಕಂಬ ಕದಲದೆ ಕಲ್ಲಿನ ಮೇಲೆ ನಿಂತಿತು. ಈ ಕಲ್ಲು ಉಳಿದ ಏಳಕ್ಕಿಂತ ಒಂದು ಮೊಳ ಎತ್ತರ, ಅಂಚೂ ಅಷ್ಟು ನಯವಿರಲಿಲ್ಲ. ಕಾಣದ ಹಾಗೆ ಸುತ್ತ ಏನಾದರೂ ಜೋಡಿಸಲೇ ಎಂದು ಅವನು ಕೇಳಿದ. "ಬೇಡ, ಕಾಣಲಿ" ಎಂದಳು ಅಕ್ಕ.

ಕ್ಷಮಿಸಿದೆ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅವನೂ ಕೇಳಲಿಲ್ಲ. ಆದರೆ ತಿಂಗಳಿಗೊಮ್ಮೆ ತೋರಿಸಲು ಬಂದಾಗ ಇಬ್ಬರೂ ಮಂಟಪದಲ್ಲಿ ಅಕ್ಕಪಕ್ಕ ಕೂತು ಸರದಿ ಕಾಯುತ್ತಿದ್ದರು. ಐದನೆಯ ತಿಂಗಳು ಅವಳು ತೀರಿಕೊಂಡಳು.

ಈಗ ಕಂಬದಡಿಯ ಕಲ್ಲುಗಳನ್ನು ಅವನೇ ಕೆತ್ತುತ್ತಾನೆ. ಒಂದಕ್ಕೆ ನಾಲ್ಕು ದಿನ ಬೇಕು. ಕೆಲಸ ಕೊಡಲು ಬಂದವರಿಗೆ ಅದನ್ನು ಮೊದಲೇ ಹೇಳುತ್ತಾನೆ. ಕೆಲವರು ಕಾಯುತ್ತಾರೆ, ಕೆಲವರು ಬೇರೆಯವರನ್ನು ಹುಡುಕಿಕೊಂಡು ಹೋಗುತ್ತಾರೆ.