ಕಿಟಕಿಯ ಮೇಲೊಂದು ಡಾಂಗಲ್, ಅದರ ಹಿಂದೆ ನಮ್ಮ ಕಂಪ್ಯೂಟರ್ ಮೇಡಂ

ಕಿವಿ ಕೇಳದ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದವರು ಈ ಭೂಮಂಡಲದಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಕಂಪ್ಯೂಟರಿಗೇ ಆ ಮಕ್ಕಳ ಮಾತನ್ನು ಕಲಿಸಿದವರು ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ ಒಬ್ಬರೇ ಎಂಬುದನ್ನು, ಅದೇ ಶಾಲೆಯ ವ್ಯಾಯಾಮ ಶಿಕ್ಷಕನಾದ ನಾನು ಯಾವ ಸಭೆಯಲ್ಲಿ ಬೇಕಾದರೂ ಮೇಜು ಗುದ್ದಿ ಹೇಳಬಲ್ಲೆ. ನನ್ನ ಗುದ್ದನ್ನು ತಡೆಯುವ ಮೇಜು ಇನ್ನೂ ತಯಾರಾಗಿಲ್ಲವಾದ್ದರಿಂದ ಮೇಡಂ ಅವರ ನಿವೃತ್ತಿಯ ಅಭಿನಂದನ ಸಮಿತಿಯವರು ಭಾಷಣ ಬೇಡ, ಲೇಖನ ಸಾಕು ಎಂದಿದ್ದಾರೆ.

ಅವರು ಸೇವೆಗೆ ಸೇರಿದಾಗ ಕಂಪ್ಯೂಟರ್ ಕೊಠಡಿಯೆಂಬುದು ಮುರಿದ ಬೆಂಚುಗಳ ವೃದ್ಧಾಶ್ರಮವಾಗಿತ್ತು. ಇದ್ದ ಯಂತ್ರಗಳು ಶುರುವಾಗುವಷ್ಟರಲ್ಲಿ ನಾನು ಮೈದಾನಕ್ಕೆ ನೂರು ಸುತ್ತು ಹಾಕಿ, ಸ್ನಾನ ಮಾಡಿ ಬರುತ್ತಿದ್ದೆ. ಮೇಡಂ ಅವುಗಳನ್ನು ಬಿಚ್ಚಿ, ಊದಿ, ಒರೆಸಿ, ಗದರಿಸಿ ದಾರಿಗೆ ತಂದರು. ಮನೆ ನೆನೆದು ಅಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳ ಕೈಗೆ ಹಳೆಯ ಕೀಲಿಮಣೆಯ ಗುಂಡಿಗಳನ್ನು ಕಿತ್ತುಕೊಟ್ಟು, ತೊಳೆದು ಮತ್ತೆ ಜೋಡಿಸಲು ಹೇಳಿ, ಅಳು ನಿಲ್ಲುವಷ್ಟರಲ್ಲಿ ಅಕ್ಷರಮಾಲೆಯನ್ನೇ ಕಲಿಸಿಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮಕ್ಕಳು ಎಲ್ಲರಿಗೂ ಸನ್ನೆಯಲ್ಲೊಂದು ಹೆಸರಿಡುತ್ತಾರೆ. ನನ್ನದು ಎರಡೂ ಕೈ ಅಗಲಿಸಿ ಕೆನ್ನೆ ಉಬ್ಬಿಸುವುದು. ಅದು ನನ್ನ ಭುಜಬಲದ ವರ್ಣನೆಯೆಂದೇ ನಂಬಿದ್ದೇನೆ. ಮೇಡಂ ಅವರದು ಎಡಗೈ ಮುಷ್ಟಿಗೆ ಬಲಗೈ ಹೆಬ್ಬೆರಳನ್ನು ಚುಚ್ಚುವುದು. ಆ ಹೆಸರು ಬಂದ ದಿನವನ್ನು ವರ್ಣಿಸಲು ನನಗಿಂತ ಯೋಗ್ಯರು ಯಾರೂ ಇಲ್ಲ.

ನಮ್ಮಲ್ಲೇ ಓದಿ ಮುಗಿಸಿದ್ದ ಹುಡುಗಿಯೊಬ್ಬಳು ದೂರದ ಉಡುಪು ವಿನ್ಯಾಸ ಸಂಸ್ಥೆಗೆ ಅರ್ಜಿ ಹಾಕಿದ್ದಳು. ಸಂದರ್ಶನ ವಿಡಿಯೋ ಮೂಲಕ, ಸನ್ನೆ ಭಾಷೆಯಲ್ಲಿ. ಅಂದು ತಪ್ಪಿದರೆ ಸೀಟು ಮುಂದಿನವರ ಪಾಲು. ಆಗಿನ್ನೂ ಎಲ್ಲರ ಜೇಬಿನಲ್ಲೂ ಸ್ಮಾರ್ಟ್ ಫೋನ್ ಇರಲಿಲ್ಲ. ಕಂಪ್ಯೂಟರ್ ಕೊಠಡಿಗೆ ಬರುವ ಕೇಬಲನ್ನು ಕರಡಿಯಷ್ಟಿದ್ದ ಹೆಗ್ಗಣವೊಂದು ಅದೇ ಬೆಳಿಗ್ಗೆ ಕಡಿದುಹಾಕಿತ್ತು. ವೈಫೈ ಇದ್ದದ್ದು ಅಂಗಳದಾಚೆಯ ಕಚೇರಿಯಲ್ಲಿ. ಅಲ್ಲಿಯ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ.

ಹುಡುಗಿಯ ತಂದೆ, ಬೀದಿ ತಿರುವಿನಲ್ಲಿ ಅಂಗಡಿಯಿಟ್ಟಿದ್ದ ದರ್ಜಿ, ಚಡಪಡಿಸುತ್ತಿದ್ದರು.

“ಇಷ್ಟೆಲ್ಲ ಯಾಕೆ ಮೇಡಂ? ಫೋನ್ ಹಾಕ್ಕೊಡಿ, ಅವಳ ಪರವಾಗಿ ನಾನೇ ಮಾತಾಡ್ಬಿಡ್ತೀನಿ. ಹುಟ್ಟಿದಾಗಿಂದ ನಾನೇ ತಾನೇ ಮಾತಾಡ್ತಿರೋದು.”

“ಸೀಟು ನಿಮಗೆ ಬೇಕಾ, ಅವಳಿಗಾ?”

“ಅವಳಿಗೇ.”

“ಹಂಗಾದ್ರೆ ಅವಳೇ ಮಾತಾಡ್ಲಿ. ನೀವು ಈ ಕೈಚೀಲ ಹಿಡ್ಕೊಳಿ.”

ಮೇಡಂ ಕೈಚೀಲದಿಂದ ಹೆಬ್ಬೆರಳುದ್ದದ ವೈಫೈ ಡಾಂಗಲ್ ತೆಗೆದು ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದರು. ಕಂಪ್ಯೂಟರ್ ಅದನ್ನು ಗುರುತೇ ಹಿಡಿಯಲಿಲ್ಲ. ಗುರುತು ಹಿಡಿಸುವ ಡ್ರೈವರ್ ಎಂಬ ತಂತ್ರಾಂಶ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದದ್ದು ಡಾಂಗಲ್ಲಿನಿಂದ. ನಾನಾಗಿದ್ದರೆ ಕಂಪ್ಯೂಟರನ್ನೇ ಹೆಗಲ ಮೇಲೆ ಹೊತ್ತು ಕಚೇರಿಗೆ ಓಡುತ್ತಿದ್ದೆ, ಹಾಗೆಂದು ಹೇಳಿಯೂ ಹೇಳಿದೆ. ಅವರು ಕಚೇರಿಗೆ ಹೋಗಿ, ಡ್ರೈವರನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದು ಹಾಕಿದರು. ಪರದೆಯ ಮೂಲೆಯಲ್ಲಿ ಶಾಲೆಯ ವೈಫೈ ಹೆಸರು ಮೂಡಿತು. ಆರಿಸಿ, ಪಾಸ್‌ವರ್ಡ್ ಹೊಡೆದರು. ಆದರೆ ಸಿಗ್ನಲ್ ಒಂದೇ ಗೆರೆ. ಕಬ್ಬಿಣದ ಡಬ್ಬಿಯ ಬೆನ್ನಿಗೆ ಅಂಟಿಕೊಂಡು ಕೂತಿದ್ದ ಡಾಂಗಲ್ಲಿಗೆ ಪಾಪ ಏನು ಕಂಡೀತು? ಅದನ್ನು ಕಿತ್ತು, ಉದ್ದನೆಯ ಯುಎಸ್‌ಬಿ ವೈರಿನ ತುದಿಗೆ ಸಿಕ್ಕಿಸಿ, ಕಚೇರಿಗೆ ಎದುರಾದ ಕಿಟಕಿಯ ಮೇಲೆ ನಿಲ್ಲಿಸಿದರು. ಗೆರೆಗಳು ತುಂಬಿ ಬಂದವು.

ಸಂದರ್ಶನ ಶುರುವಾಯಿತು. ಹುಡುಗಿಗೆ ಧೈರ್ಯ ತುಂಬಲು ಇಡೀ ಶಾಲೆ ಆ ಕಿಟಕಿಯ ಹೊರಗೆ ನೆರೆಯಿತು. ಎಲ್ಲರಿಗಿಂತ ಮುಂದೆ ನಾನು, ನನ್ನ ಸೊಂಟ ಹಿಡಿದು ದರ್ಜಿ. ಪರದೆಯ ಮೇಲಿನ ಚಿತ್ರ ಸ್ತಬ್ಧವಾಯಿತು. ಅರ್ಧ ಸನ್ನೆಯಲ್ಲಿ ನಿಂತ ಕೈಗಳು ಹಾಗೇ ಉಳಿದವು. ನಮಗಾದರೆ ಚಿತ್ರ ನಿಂತರೂ ದನಿ ಕೇಳೀತು. ಆ ಹುಡುಗಿಗೆ ಚಿತ್ರ ನಿಂತರೆ ಮಾತೇ ಇಲ್ಲ. ಅವಳು ಮೇಡಂ ಕಡೆ ತಿರುಗಿದಳು.

ಮೇಡಂ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಡಾಂಗಲ್ಲನ್ನು ನೋಡಿದರು, ಕಚೇರಿಯ ಕಡೆ ನೋಡಿದರು, ನಡುವೆ ನನ್ನನ್ನು ನೋಡಿದರು.

“ಮೇಷ್ಟ್ರೇ, ಆ ಕಡೆ ಹೋಗಿ.”

“ನಾನೇನು ಮಾಡ್ದೆ?”

“ನಿಂತಿದ್ದೀರಿ, ಅಷ್ಟೇ ಸಾಕು. ಮೈಯಲ್ಲಿರೋದೆಲ್ಲ ನೀರು, ಸಿಗ್ನಲ್ ಕುಡಿದುಬಿಡುತ್ತೆ. ನಿಮ್ಮದಂತೂ ಕೆರೆ.”

ನಾನು ಸರಿದೆ, ಜನರೆಲ್ಲ ಸರಿದರು, ಮೇಡಂ ತಾವೂ ಹೊರಗೆ ಬಂದರು. ಚಿತ್ರ ಚಲಿಸಿತು. ಒಬ್ಬ ಮನುಷ್ಯ ಪಕ್ಕಕ್ಕೆ ಹೋದದ್ದರಿಂದಲೇ ಒಂದು ಜಾಲ ಜೀವ ಪಡೆದ ಪ್ರಸಂಗ ವಿಜ್ಞಾನದ ಇತಿಹಾಸದಲ್ಲಿ ಬೇರೊಂದಿದ್ದರೆ ತಿಳಿಸಬೇಕಾಗಿ ವಿನಂತಿ.

ನಾವು ಪಕ್ಕದ ಬಾಗಿಲಿನಿಂದ ನೋಡುತ್ತಿದ್ದಾಗ ಹುಡುಗಿಯ ಕೈಗಳು ಹಕ್ಕಿಗಳಂತೆ ಹಾರಾಡತೊಡಗಿದವು. ಪರದೆಯಲ್ಲಿದ್ದವರು ನಕ್ಕರು.

“ಏನಂತೆ ಸಾರ್?” ದರ್ಜಿ ನನ್ನ ತೋಳು ಜಗ್ಗಿದರು.

ಸನ್ನೆ ಭಾಷೆಯಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ, ಮೇಡಂ ಒಬ್ಬರನ್ನು ಬಿಟ್ಟು. ಹೇಳಿದೆ: “ನಮ್ಮಪ್ಪ ಅಂಗಿಯ ಕಂಕುಳನ್ನ ತೀರಾ ಕೆಳಗೆ ಕತ್ತರಿಸ್ತಾರೆ, ಕೈ ಎತ್ತಿದ್ರೆ ಅಂಗಿಯೆಲ್ಲ ಮೇಲೆ ಬರುತ್ತೆ ಅಂತಿದಾಳೆ. ಕೈಯಲ್ಲಿ ಮಾತಾಡೋರಿಗೆ ಅಂಥ ಅಂಗಿ ತೊಡಿಸಿದ್ರೆ ಬಾಯಿಗೆ ಬಟ್ಟೆ ಕಟ್ಟಿದ ಹಾಗಂತೆ. ಅದಕ್ಕೇ ನೀವು ಹಾಕಿದ ಸೀಮೆಸುಣ್ಣದ ಗೆರೆ ಒರೆಸಿ, ನಿಮಗೆ ಗೊತ್ತಾಗದ ಹಾಗೆ ಮೇಲಕ್ಕೆ ಹಾಕ್ತಾಳಂತೆ.”

ದರ್ಜಿ ತಮ್ಮ ಅಂಗಿಯ ಕಂಕುಳನ್ನು ಮುಟ್ಟಿ ನೋಡಿಕೊಂಡರು. “ಇಷ್ಟು ವರ್ಷ ನಂಗೆ ಒಂದು ಮಾತು ಹೇಳ್ಲಿಲ್ವಲ್ಲ ಮೇಡಂ.”

“ಹೇಳಿರ್ತಾಳೆ,” ಎಂದರು ಮೇಡಂ, ಮೆಲ್ಲಗೆ. “ನಿಮಗೆ ಕೇಳ್ಸಿರಲ್ಲ.”

ಹುಡುಗಿಗೆ ಸೀಟು ಸಿಕ್ಕಿತು, ಮೇಡಂ ಅವರಿಗೆ ಡಾಂಗಲ್ ಚುಚ್ಚುವ ಆ ಹೆಸರು ಸಿಕ್ಕಿತು. ಅದರ ಮರುವಾರವೇ ಮೇಡಂ ಹೆತ್ತವರಿಗಾಗಿ ಸಂಜೆಯ ಸನ್ನೆ ತರಗತಿ ಶುರುಮಾಡಿದರು. ಮೊದಲು ಬಂದು ಕೂತವರು ಆ ದರ್ಜಿ. ಹುಡುಗಿ ಕಲಿತು ಬಂದು ಈಗ ಅಪ್ಪನ ಅಂಗಡಿಯಲ್ಲೇ ಕತ್ತರಿ ಹಿಡಿದಿದ್ದಾಳೆ. ಹೊತ್ತು ಮುಳುಗಿದ ಮೇಲೆ ಆ ಕಡೆ ಹೋದರೆ ಅಪ್ಪ ಮಗಳು ಅಂಗಿಯೊಂದನ್ನು ನಡುವೆ ಹರವಿಕೊಂಡು ಕೈಯಲ್ಲೇ ಕಾದಾಡುವುದು ಕಾಣುತ್ತದೆ, ಪದ ಸಾಲದಾದಾಗ ಅಪ್ಪ ಸಂಜೆ ತರಗತಿಗೆ ಓಡಿಬರುತ್ತಾರೆ, “ಮೇಡಂ, ಮೊಂಡು ಅನ್ನೋದಕ್ಕೆ ಸನ್ನೆ ಯಾವ್ದು?” ಎಂದು.

ನಿವೃತ್ತಿಯ ನಂತರವೂ ಆ ತರಗತಿಯನ್ನು ತಾವೇ ನಡೆಸುವುದಾಗಿ ಮೇಡಂ ಒಪ್ಪಿರುವುದು ನಮ್ಮೆಲ್ಲರ ಪುಣ್ಯ. ಅಪ್ಪ ಮಗಳ ಜಗಳ ಇತ್ಯರ್ಥವಾಗುವವರೆಗಾದರೂ ಅವರು ಆರೋಗ್ಯದಿಂದ ಬಾಳಲಿ, ಪದಗಳನ್ನು ಒದಗಿಸುತ್ತಿರಲಿ ಎಂದು ಹಾರೈಸುತ್ತೇನೆ. ಇಬ್ಬರೂ ಸೋಲುವವರಲ್ಲ, ನೂರು ವರ್ಷಕ್ಕೆ ಕಡಿಮೆಯಂತೂ ಆಗದು.