ಫ್ರಾನ್ಸಿನ ಕಾವಲಿಯೂ ಬನ್ನಿಮಂಟಪದ ಸಾಕಮ್ಮನೂ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸಾಕಮ್ಮ ಬನ್ನಿಮಂಟಪದ ತಮ್ಮ ಮನೆಯಲ್ಲಿ, ಅರ್ಧ ಹೋಳು ಈರುಳ್ಳಿಯಿಂದ ಫ್ರಾನ್ಸ್ ದೇಶದ ಕಾವಲಿಯೊಂದಕ್ಕೆ ಎಣ್ಣೆ ಸವರುತ್ತಿದ್ದರು. ಕಾವಲಿ ಅವರದಲ್ಲ. ಅದನ್ನು ಕೊಂಡವರು ಒಂಟಿಕೊಪ್ಪಲಿನಲ್ಲಿ ಎರಡು ತಿಂಗಳಿಂದ ಕಾಯುತ್ತಿದ್ದರು. ಅದು ಪಳಗಿದ್ದು ಮನೆಗೆ ಬಂದ ಮೊದಲ ವಾರದಲ್ಲೇ ಎಂಬುದು ಸಾಕಮ್ಮನಿಗೆ ಗೊತ್ತಿತ್ತು, ಗಂಡ ಮಂಟಯ್ಯನಿಗೆ ಗೊತ್ತಿತ್ತು, ಕಾವಲಿಗೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಪಳಗಿಸುವುದರಲ್ಲಿ ಗುಟ್ಟೇನಿಲ್ಲ. ಹೊಸ ಕಬ್ಬಿಣಕ್ಕೆ ಎಣ್ಣೆಯನ್ನು ತೆಳ್ಳಗೆ ಸವರಿ ಹೊಗೆಯಾಡುವವರೆಗೆ ಕಾಯಿಸಿದರೆ ಆ ಎಣ್ಣೆ ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಪದರದ ಮೇಲೆ ಪದರ ಕೂತಂತೆ ಕಾವಲಿ ಕಪ್ಪಗೆ ಮಿರುಗುತ್ತದೆ, ಹಿಟ್ಟು ಅಂಟುವುದಿಲ್ಲ. ಎಣ್ಣೆ ಹೆಚ್ಚಾದರೆ ಪದರವಾಗುವ ಬದಲು ಜಿಗುಟಾಗುತ್ತದೆ. ವಿಷಯ ಇಷ್ಟೇ. ಇಷ್ಟಕ್ಕೆ ಬೇಕಾದ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಸಾಕಮ್ಮನಿಗೆ ಇತ್ತು. ಬೀದಿಯವರ ಹೊಸ ಕಾವಲಿಗಳೆಲ್ಲ ಮೊದಲು ಅವರ ಒಲೆಯ ಮೇಲೆ ಕೂತು ಬುದ್ಧಿ ಕಲಿತೇ ತಂತಮ್ಮ ಮನೆ ಸೇರುತ್ತಿದ್ದವು.

ಆಮೇಲೆ ಒಂಟಿಕೊಪ್ಪಲಿನಲ್ಲಿ ವರ್ಷಿಣಿ ಎಂಬ ಹುಡುಗಿ ಹೊರದೇಶಗಳ ಅಡುಗೆ ಸಾಮಾನಿನ ಅಂಗಡಿ ತೆರೆದಳು. ಜಪಾನಿನ ಸೋಯಾ ಹುಳಿಹಿಟ್ಟು, ಇಟಲಿಯ ಒಣ ಅಣಬೆ, ಕೊರಿಯಾದ ಕಲ್ಲಿನ ಬಟ್ಟಲು, ಎಲ್ಲ ಅಲ್ಲಿ ಸಿಗುತ್ತಿದ್ದವು. ಡಬ್ಬಿಯಲ್ಲಿ ಬಂದದ್ದು ಖರ್ಚಾಗುತ್ತಿತ್ತು. ಪಾತ್ರೆಗಳು ಮಾತ್ರ ವಾರದೊಳಗೆ ಮರಳಿ ಬರುತ್ತಿದ್ದವು. ಒಂದು ಅಂಟುತ್ತದೆ, ಇನ್ನೊಂದು ಬಿರುಕು ಬಿಟ್ಟಿದೆ, ಮತ್ತೊಂದರಲ್ಲಿ ರುಬ್ಬಿದರೆ ಮರಳು ಬರುತ್ತದೆ. ಅಂಗಡಿಗೆ ಹಾಲು ಹಾಕುತ್ತಿದ್ದ ಮಹದೇವು ಸಾಕಮ್ಮನ ಹೆಸರು ಹೇಳಿದ. ಮರುದಿನವೇ ವರ್ಷಿಣಿ ಮೆಕ್ಸಿಕೋದ ಮೂರು ಕಾಲಿನ ಕಲ್ಲನ್ನು ಎದೆಗವಚಿಕೊಂಡು ಬನ್ನಿಮಂಟಪಕ್ಕೆ ಬಂದಳು.

ಸಾಕಮ್ಮ ಅದನ್ನು ತಿರುಗಿಸಿ ನೋಡಿದರು. "ಇದು ನಮ್ಮ ಒಳಕಲ್ಲೇ ಕಣಮ್ಮ. ಕಾಲು ಬಂದದೆ ಅಷ್ಟೆ."

ನೆನೆಸಿದ ಅಕ್ಕಿಯನ್ನು ಅದರಲ್ಲಿ ಹಾಕಿ, ಹಿಟ್ಟು ಬೆಳ್ಳಗೆ ಬರುವವರೆಗೆ ಅರೆದು ಅರೆದು ಚೆಲ್ಲಿದರು. ಮರಳು ಹೋಯಿತು. ಜಪಾನಿನ ಮಣ್ಣಿನ ಗಡಿಗೆಯಲ್ಲಿ ಗಂಜಿ ಕಾಯಿಸಿ ಅದರ ಸಣ್ಣ ತೂತುಗಳನ್ನು ಮುಚ್ಚಿದರು. ಗೋಪುರದಂಥ ಮುಚ್ಚಳದ ಮೊರಾಕೋ ಮಡಕೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಸಣ್ಣ ಉರಿಯ ಮೇಲೆ ಕೂರಿಸಿದರು. ಎಡವಿದ್ದು ಒಮ್ಮೆ ಮಾತ್ರ, ಹೊಳೆಯುವ ಕೆಂಪು ಪಾತ್ರೆಯೊಂದಕ್ಕೆ ಮೂರು ದಿನ ಎಣ್ಣೆ ತಿಕ್ಕಿದಾಗ.

"ಅಯ್ಯೋ ಸಾಕಮ್ಮೋರೆ, ಅದಕ್ಕೆ ಗಾಜಿನ ಲೇಪ ಇದೆ. ಪಳಗಿಸೋದೇ ಬೇಡ," ಎಂದಳು ವರ್ಷಿಣಿ.

"ಮೊದ್ಲೇ ಮೇಕಪ್ಪು ಮಾಡ್ಕೊಂಡು ಬಂದದೆ ಅಂತ ಒಂದು ಮಾತು ಹೇಳ್ಬಾರ್ದಾ ತಾಯಿ?"

ಕಬ್ಬಿಣದ ವಿಷಯಕ್ಕೆ ಸಾಕಮ್ಮನದು ಒಂದೇ ಪರೀಕ್ಷೆ: ಇಪ್ಪತ್ತೊಂದು ದೋಸೆ ಒಂದೂ ಅಂಟದೆ ಏಳಬೇಕು. ಅದಾದ ಮೇಲೆ ಪಳಗಿತು ಎಂದರೆ ಪಳಗಿತು. ಅವರು ಹಾಗೆಂದು ಕಳಿಸಿದ ಒಂದು ಕಾವಲಿಯೂ ಮರಳಿ ಬಂದಿರಲಿಲ್ಲ. ವರ್ಷಿಣಿ ಅಂಗಡಿಯ ಮುಂದೆ 'ಸಾಕಮ್ಮನವರಿಂದ ಪಳಗಿಸಿ ಕೊಡಲಾಗುವುದು' ಎಂದು ಬೋರ್ಡೇ ಹಾಕಿಸಿದ್ದಳು. ಸಾಕಮ್ಮ ಸಿಟಿ ಬಸ್ಸಿನಲ್ಲಿ ಆ ಕಡೆ ಹೋಗುವಾಗ ಕಿಟಕಿಯ ಪಕ್ಕದ ಸೀಟನ್ನೇ ಹುಡುಕುತ್ತಿದ್ದರು.

ಪರೀಕ್ಷೆಯ ದೋಸೆಗಳನ್ನು ತಿಂದು ಮುಗಿಸುವ ಹೊಣೆ ಮಂಟಯ್ಯನದು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು.

"ಅಲ್ಲ ಕಣೇ, ನಾನು ಮನುಷ್ಯನೋ, ನಿನ್ನ ಕಾವ್ಲಿ ಟೆಸ್ಟ್ ಮಾಡೋ ಮಿಷನ್ನೋ? ಉಪ್ಪಿಟ್ಟು ಅಂತ ಒಂದು ತಿಂಡಿ ಇತ್ತು. ನೆನಪದಾ ನಿಂಗೆ?"

"ಸುಮ್ಕೆ ತಿನ್ನಿ. ನಮ್ಮ ಕಾವ್ಲಿ ಒಡೆದಾಗ ಈ ಬಾಯಿ ಎಲ್ಲಿತ್ತು?"

ಅಲ್ಲಿಗೆ ಮಂಟಯ್ಯನ ಬಾಯಿ ಮುಚ್ಚುತ್ತಿತ್ತು. ಸಾಕಮ್ಮ ಮದುವೆಯಾಗಿ ಬಂದಾಗಿನಿಂದ ಬಳಸುತ್ತಿದ್ದ ಬೀಡಿನ ಕಾವಲಿಯನ್ನು ಹಿಂದಿನ ವರ್ಷ ಮಂಟಯ್ಯ ಕೈಜಾರಿ ಟೈಲ್ಸ್ ನೆಲದ ಮೇಲೆ ಬೀಳಿಸಿದ್ದರು. ಎರಡು ಹೋಳಾಯಿತು. ಹಳೆಯ ಕಸುಬಿನ ನಂಬಿಕೆಯಿಂದ "ವೆಲ್ಡಿಂಗ್ ಮಾಡಿಸ್ಕೊಂಡು ಬತ್ತೀನಿ ಬುಡು" ಎಂದಿದ್ದೇ ತಪ್ಪಾಯಿತು. ಸಾಕಮ್ಮ ಎರಡು ದಿನ ಮಾತಾಡಲಿಲ್ಲ. ಪ್ರಾಯಶ್ಚಿತ್ತಕ್ಕೆಂದು ಅವರು ತಂದ ನಾನ್‌ಸ್ಟಿಕ್ ತವಾ ಈಗಲೂ ನೀರಿನ ಹಂಡೆಯ ಮುಚ್ಚಳವಾಗಿ ಸೇವೆ ಸಲ್ಲಿಸುತ್ತಿದೆ. ಹೀಗಾಗಿ ಊರಿನವರ ಕಾವಲಿಗಳನ್ನೆಲ್ಲ ಪಳಗಿಸುವ ಹೆಂಗಸಿಗೆ ತನ್ನದೆಂಬ ಕಾವಲಿ ಇರಲಿಲ್ಲ. ಬಂದವು ಪಳಗುತ್ತಿದ್ದವು, ಪಳಗಿದ ದಿನವೇ ಮನೆ ಬಿಟ್ಟು ಹೋಗುತ್ತಿದ್ದವು. ಸಾಕಮ್ಮ ಒಂದರ ಮೇಲೂ ಆಸೆ ಇಟ್ಟುಕೊಂಡಿರಲಿಲ್ಲ.

ಫ್ರಾನ್ಸಿನದು ಬಂತು. ಉಕ್ಕಿನ ತಗಡು, ಅಂಚು ಗಿಡ್ಡ, ಹಿಡಿ ಬೆಕ್ಕಿನ ಬಾಲದ ಹಾಗೆ ಉದ್ದ. ಅಲ್ಲಿಯವರು ಇದರ ಮೇಲೆ ತೆಳು ದೋಸೆ ಹಾಕುತ್ತಾರೆ ಎಂದು ವರ್ಷಿಣಿ ಹೇಳಿದಳು.

"ಚಟ್ನಿ ಏನ್ ಮಾಡ್ಕತಾರೆ?"

"ಚಟ್ನಿ ಇಲ್ಲ. ಸಕ್ಕರೆ, ನಿಂಬೆಹಣ್ಣು."

"ಪಾಪ," ಎಂದರು ಸಾಕಮ್ಮ.

ಅದೇ ವಾರ ಇಪ್ಪತ್ತೊಂದನೆಯ ದೋಸೆ ಎದ್ದಿತು. ಎಬ್ಬಿಸಬೇಕಾಗಲಿಲ್ಲ. ಅಂಚು ತಾನೇ ಬಿಟ್ಟುಕೊಂಡು, ನಡುವೆ ಒಂದೇ ಸಮ ಕೆಂಪಗೆ ಬೆಂದು, ಇನ್ನೇನು ಮಾಡಲಿ ಎಂದು ಕೇಳುವಂತೆ ಕಾದಿತ್ತು. ಒಡೆದುಹೋದ ಕಾವಲಿಯೂ ಹೀಗೆ ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ ವರ್ಷಿಣಿಯ ಫೋನು ಬಂತು. ಪಳಗಿತಾ ಎಂದು ಕೇಳಿದಳು.

"ಇನ್ನೂ ಅಂಟ್ತಾ ಅದೆ ಕಣಮ್ಮ," ಎಂದಿತು ಸಾಕಮ್ಮನ ಬಾಯಿ. ಬಾಯಿ ಹೇಳಿದ ಮೇಲೆಯೇ ಅದು ಸಾಕಮ್ಮನ ಕಿವಿಗೆ ಬಿದ್ದದ್ದು.

"ಇಂಥದ್ದೇ ಇನ್ನೊಂದು ತರಿಸ್ಕೊಂಡ್ರಾಯ್ತಪ್ಪ," ಎಂದರು ಮಂಟಯ್ಯ.

"ಇನ್ನೊಂದು ಇದಾಗ್ತದಾ?"

ಕಾವಲಿಯನ್ನು ಕೊಂಡವರು ವಿಶ್ವನಾಥ್. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ದೋಸೆ ಕಲಿಯುತ್ತಿದ್ದರು. ಅವರು ಹಾಕಿದ ದೋಸೆ ಇಡಿಯಾಗಿ ತಟ್ಟೆಗೆ ಬಂದದ್ದನ್ನು ಹೆಂಡತಿ ರಮಾಮಣಿ ಇನ್ನೂ ಕಂಡಿರಲಿಲ್ಲ. ವಿಶ್ವನಾಥ್ ಪ್ರತಿ ಭಾನುವಾರ ಸ್ಕೂಟರಿನಲ್ಲಿ ಬಂದು ವಿಚಾರಿಸುತ್ತಿದ್ದರು. ಬರಿಗೈಲಿ ಕಳಿಸಲು ಮನಸ್ಸು ಬಾರದೆ ಸಾಕಮ್ಮ ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಎರಡು ದೋಸೆ ಹಾಕಿ ಕೊಡುತ್ತಿದ್ದರು.

"ಇದು ಯಾವ ಕಾವಲಿದಮ್ಮ? ಭಾಳ ಚೆನ್ನಾಗಿದೆ," ಎನ್ನುತ್ತಿದ್ದರು ವಿಶ್ವನಾಥ್.

"ನಮ್ದು ಸಾರ್, ಹಳೇದು."

ಅವರು ಹೋದ ಮೇಲೆ ಮಂಟಯ್ಯ, "ಅವ್ರ ಕಾವ್ಲೀಲಿ ಅವ್ರಿಗೇ ದೋಸೆ ಹುಯ್ದು ಪುಣ್ಯ ಕಟ್ಕತಾ ಇದ್ದೀಯ," ಎನ್ನುತ್ತಿದ್ದರು.

ಆ ಭಾನುವಾರ ಏಳೂಕಾಲರ ಸುಮಾರಿಗೆ ಬಾಗಿಲು ತಟ್ಟಿದ್ದು ವಿಶ್ವನಾಥ್ ಅಲ್ಲ. ವರ್ಷಿಣಿ ಬಂದಿದ್ದಳು, ಕೈಯಲ್ಲಿ ಖಾಲಿ ರಟ್ಟಿನ ಡಬ್ಬ.

"ಸಾಕು ಬಿಡಿ ಸಾಕಮ್ಮೋರೆ, ನೀವು ಇನ್ನು ಕಷ್ಟಪಡಬೇಡಿ. ನಿಮ್ಮ ಕೈಲಿ ಪಳಗದ್ದು ಇನ್ಯಾರ ಕೈಲೂ ಪಳಗಲ್ಲ. ಇದನ್ನ ತರಿಸಿಕೊಟ್ಟ ಮುಂಬೈಯವರಿಗೇ ವಾಪಸ್ ಕಳಿಸ್ತೀನಿ. ಉಕ್ಕೇ ಸರಿ ಇಲ್ಲ, ಗುಜರಿಗೆ ಹಾಕ್ಕೊಳ್ಳಿ ಅಂತ ಬರೆದಿದ್ದೀನಿ. ಆ ಕಾರ್ಖಾನೆ ಮಾಲೇ ಇನ್ನು ತರಿಸಲ್ಲ."

ಸಾಕಮ್ಮ ಡಬ್ಬವನ್ನೂ ಕಾವಲಿಯನ್ನೂ ನೋಡಿದರು. ಸುಮ್ಮನಿದ್ದರೆ ತಮ್ಮ ಹೆಸರು ಉಳಿಯುತ್ತಿತ್ತು, ಹೆಸರು ಕೆಡುವುದು ಕಾವಲಿಯದು. ಎರಡು ತಿಂಗಳು ಒಂದು ದಿನವೂ ಎದುರಾಡದೆ ದುಡಿದದ್ದಕ್ಕೆ ಅದಕ್ಕೆ ಗುಜರಿ.

"ಡಬ್ಬ ಕೆಳಗಿಡಮ್ಮ," ಎಂದರು ಸಾಕಮ್ಮ.

ಒಲೆ ಹಚ್ಚಿ, ಒಂದು ಸೌಟು ಹಿಟ್ಟು ಹುಯ್ದು, ಸುತ್ತಿ ಹರಡಿದರು. ಆ ಹೊತ್ತಿಗೆ ವಿಶ್ವನಾಥ್ ಸ್ಕೂಟರ್ ನಿಲ್ಲಿಸಿ ಒಳಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಾಗಿಲು ಅಂದು ಪೂರ್ತಿ ತೆರೆದಿತ್ತು. ದೋಸೆಯ ಅಂಚು ಮೆಲ್ಲಗೆ ಎದ್ದಿತು. ಸಾಕಮ್ಮ ಮಗುಚುವ ಕೈಯನ್ನು ಮುಟ್ಟಲೇ ಇಲ್ಲ. ಉದ್ದ ಹಿಡಿಯನ್ನು ಹಿಡಿದು ಕಾವಲಿಯನ್ನು ಸ್ವಲ್ಪ ಓರೆ ಮಾಡಿದರು. ದೋಸೆ ಜಾರಿ ವರ್ಷಿಣಿಯ ಮುಂದಿನ ತಟ್ಟೆಗೆ ಬಂದು ಕೂತಿತು.

"ಯಾವಾಗಿಂದ ಹೀಗೆ?" ವರ್ಷಿಣಿಯ ದನಿ ಸಣ್ಣದಾಗಿತ್ತು.

"ಇಪ್ಪತ್ತೊಂದಾದಾಗಿಂದ."

"ಈಗ ಎಷ್ಟಾಗಿದೆ?"

ಸಾಕಮ್ಮ ಸೆರಗಿನಿಂದ ಹಣೆ ಒರೆಸಿಕೊಂಡರು. ಪರೀಕ್ಷೆ ಮುಗಿದ ಮೇಲೂ ಎಣಿಸುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. "ಇದೂ ಸೇರಿ ನಾನೂರ ಹದಿನೆಂಟು," ಎಂದರು.

ದಿನಕ್ಕೆ ಏಳರಂತೆ ಹಿಡಿದರೆ ಎರಡು ತಿಂಗಳಿಗೆ ಲೆಕ್ಕ ಸರಿಯಾಗಿಯೇ ಬರುತ್ತದೆ.

"ಪಳಗಿಲ್ಲ ಅನ್ನೋ ಬದಲು ಬೇಕು ಅಂದಿದ್ರೆ ಆಗ್ತಿರಲಿಲ್ವಾ?" ಎಂದಳು ವರ್ಷಿಣಿ.

"ಬೇರೆಯೋರ ವಸ್ತು ಬೇಕು ಅಂತ ಹೆಂಗಮ್ಮ ಕೇಳೋದು?"

"ಇಟ್ಕೊಳ್ಳೋದು ಹೆಂಗೆ ಅಂತ ಮಾತ್ರ ಗೊತ್ತದೆ," ಎಂದು ಮಂಟಯ್ಯ ಗೋಡೆಗೆ ಹೇಳಿದರು. ವರ್ಷಿಣಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಫೋನು ತೆಗೆದು, ಮುಂಬೈಗೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆಂದು ತಿಳಿಸಿದಳು.

ಸಾಕಮ್ಮ ಕಾವಲಿ ಆರಿದ ಮೇಲೆ ಒರೆಸಿ, ಹನಿ ಎಣ್ಣೆ ಸವರಿ, ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ವಿಶ್ವನಾಥ್ ಕೈಗೆ ಕೊಟ್ಟರು. "ಸೋಪು ತಾಗಿಸ್ಬೇಡಿ ಸಾರ್. ತಂತಿ ಬ್ರಷ್ ಅಂತೂ ಹತ್ರಾನೂ ತರ್ಬೇಡಿ. ಬಟ್ಟೇಲಿ ಒರೆಸಿದ್ರೆ ಸಾಕು." ಎರಡೆರಡು ಸಲ ಹೇಳಿದರು. ವಿಶ್ವನಾಥ್ ಎರಡು ಸಲವೂ ತಲೆಯಾಡಿಸಿದರು. ಅವರು ಅಂದು ತಿಂಡಿ ತಿನ್ನದೆ ಹೋದರು. ಮರುದಿನ ಸಾಕಮ್ಮನ ಮನೆಯಲ್ಲಿ ಉಪ್ಪಿಟ್ಟು ಆಯಿತು. ಮಂಟಯ್ಯ ಅದನ್ನು ತಿಂದರು, ಚೆನ್ನಾಗಿದೆ ಎನ್ನಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ.

ಎರಡನೆಯ ಭಾನುವಾರ ಸ್ಕೂಟರ್ ಮತ್ತೆ ಬಂತು. ವಿಶ್ವನಾಥ್ ಸೀರೆಯ ತುಂಡು ಬಿಚ್ಚಿ ಕಾವಲಿಯನ್ನು ಮುಂದಿಟ್ಟರು. ಅದು ಬೆಳ್ಳಗೆ, ಫ್ರಾನ್ಸಿನಿಂದ ಇಳಿದ ದಿನದಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು.

"ಮರೆತು ಉಜ್ಜಿಬಿಟ್ಟೆ ಕಣಮ್ಮ. ಸಬೀನ ಪುಡಿ ಹಾಕಿ, ತಂತಿ ಬ್ರಷ್ಷಿನಲ್ಲಿ."

ಸಾಕಮ್ಮ ಕಾವಲಿಯನ್ನು ಬೆಳಕಿಗೆ ಹಿಡಿದರು. ಮರೆತು ಉಜ್ಜುವವರು ನಡುವೆ ನಾಲ್ಕು ಸಲ ಉಜ್ಜಿ ಬಿಡುತ್ತಾರೆ. ಇದರ ಅಂಚು, ತಳ, ಹಿಡಿಯ ಸಂದು, ಎಲ್ಲಿಯೂ ಕಪ್ಪಿನ ಒಂದು ಗೆರೆ ಉಳಿದಿರಲಿಲ್ಲ. ಅಷ್ಟು ಉಜ್ಜಲು ಒಂದಿಡೀ ಮಧ್ಯಾಹ್ನ ಬೇಕು, ರಟ್ಟೆಯಲ್ಲಿ ಬಲವೂ ಬೇಕು. ವಿಶ್ವನಾಥ್ ಕಿಟಕಿಯ ಆಚೆ ನೋಡುತ್ತ, ಬಲಗೈ ರಟ್ಟೆಯನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು.

"ಮೊದಲಿಂದ ಪಳಗಿಸಬೇಕಲ್ಲ. ಅವಸರ ಏನಿಲ್ಲ. ಭಾನುವಾರ ಬಂದು ನೋಡ್ಕೊಂಡು ಹೋಗ್ತೀನಿ, ರಮಾಮಣೀನೂ ಬರ್ತಾಳಂತೆ," ಎಂದರು. "ಈ ಸಲ ಎಷ್ಟು ದೋಸೆ ಬೇಕಾಗಬಹುದು?"

ಮಂಟಯ್ಯ ಕೂತಲ್ಲೇ ತಲೆ ತಗ್ಗಿಸಿದರು. ಸಾಕಮ್ಮ ಈರುಳ್ಳಿ ಬುಟ್ಟಿಗೆ ಕೈಹಾಕಿ, ಒಳ್ಳೆಯದೊಂದನ್ನು ಆರಿಸಿ, ಎರಡು ಹೋಳು ಮಾಡಿದರು.

"ನಾನೂರ ಹದಿನೆಂಟು."