ಅಣ್ಣ ನಂಬಿದ ನನ್ನ ಸೊಂಟನೋವು

ಯಾರಾದರೂ ಕುರ್ಚಿಯಿಂದ ಏಳುವುದನ್ನು ನೋಡಿದರೆ ಸಾಕು, ಅವರ ಸೊಂಟನೋವಿನ ಕಾರಣವನ್ನು ನನ್ನ ಅಣ್ಣ ಜಯ ಹೇಳಿಬಿಡುತ್ತಿದ್ದ. ನಮ್ಮೂರು ಕೊಟ್ಟಾರದಲ್ಲಿ ನಾವಿಬ್ಬರೂ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತಿದ್ದೆವು. ಊಟಕ್ಕೆ ಆರ್ಡರ್ ಕೊಡಲು ಬಂದವರು ಒಂದು ಕಾಯಿಲೆಯನ್ನೂ ಹೊತ್ತು ಹೋಗುತ್ತಿದ್ದರು. ರಿಕ್ಷಾದವನಿಗೆ, "ನಿಂದು ನಂತೂರಿನ ರಸ್ತೆಹೊಂಡದ ನೋವು." ಬ್ಯಾಂಕಿನವರಿಗೆ, "ನಿಮ್ಮದು ಕುರ್ಚಿಯದ್ದಲ್ಲ ಸರ್, ಹೊಟ್ಟೆಯದ್ದು. ಮುಂದೆ ಅಷ್ಟು ಭಾರ ನೇತು ಹಾಕಿದ್ರೆ ಬೆನ್ನು ಎಂತ ಮಾಡ್ಬೇಕು?" ಬ್ಯಾಂಕಿನವರು ಆಮೇಲೆ ಬೇರೆ ಕಡೆ ಆರ್ಡರ್ ಕೊಟ್ಟರು.

ಇಂಥ ಪಂಡಿತನಿಗೆ ನಾನು ಸುಳ್ಳು ಸೊಂಟನೋವು ಹೇಳಿದೆ.

ಕುಚ್ಚಲಕ್ಕಿ ಬೆಂದ ಮೇಲೆ ದೊಡ್ಡ ಪಾತ್ರೆಯನ್ನು ಇಬ್ಬರು ಎರಡು ಬದಿ ಹಿಡಿದೆತ್ತಿ ಅನ್ನದ ತೆಳಿನೀರು ಬಸಿಯಬೇಕು. ಮುಖಕ್ಕೆ ಹಬೆ ಹೊಡೆಯುವ ಕೆಲಸ. ಒಂದು ಬೆಳಿಗ್ಗೆ ನನಗೆ ಉದಾಸೀನ ಬಂತು. ಸೊಂಟ ಹಿಡಿದು ಕೂತೆ. ಅಣ್ಣ ಬೆನ್ನಿಗೆ ಹೆಬ್ಬೆರಳು ಒತ್ತಿ, "ವಾಯು, ಮಾರಾಯ. ಇನ್ನು ನೀನು ಭಾರ ಮುಟ್ಬೇಡ" ಎಂದ. ಹುರುಳಿ ಬೇಯಿಸಿದ ನೀರು ಕುಡಿಸಿದ, ಉಪ್ಪಿನ ಶಾಖ ಕೊಟ್ಟ, ಬರೀ ಹಲಗೆಯ ಮೇಲೆ ಮಲಗಿಸಿದ. ಹಲಗೆಯಿಂದ ನಿಜವಾದ ನೋವೇ ಬರುವಂತಿತ್ತು. ಆದರೂ ಪಾತ್ರೆಗಿಂತ ಹಲಗೆ ವಾಸಿ ಎಂದು ಕೆಲವು ವರ್ಷ ಸುಮ್ಮನಿದ್ದೆ. ಪಾತ್ರೆಯನ್ನು ಅಣ್ಣ ಒಬ್ಬನೇ ಎತ್ತಿದ.

ಊರಿಗೆಲ್ಲ ಕಾರಣ ಹೇಳುವವನಿಗೆ ತನ್ನದೇ ಸೊಂಟ ನೋಯತೊಡಗಿದಾಗ ತಿಳಿಯಲಿಲ್ಲ. ಹೊಸ ಹಾಸಿಗೆ ಎಂದ, ಸ್ಕೂಟರ್ ಎಂದ. ಕಾಲಿನಿಂದ ಚಪ್ಪಲಿ ಕಳಚಿದ್ದೂ ಗೊತ್ತಾಗದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸ್ಕ್ಯಾನಿಂಗ್ ನೋಡಿ, ಭಾರ ಎತ್ತಿ ಎತ್ತಿ ಡಿಸ್ಕ್ ಜಾರಿ ನರವನ್ನು ಒತ್ತಿದೆ ಎಂದರು. "ಭಾರ ಎತ್ತುವಾಗ ಜೊತೆಗೆ ಯಾರೂ ಇಲ್ವಾ?"

"ತಮ್ಮ ಇದ್ದಾನೆ. ಪಾಪ, ಅವನಿಗೆ ನನಗಿಂತ ಮೊದಲೇ ನೋವುಂಟು. ಅವನದ್ದೂ ಒಮ್ಮೆ ನೋಡಿ ಡಾಕ್ಟ್ರೇ."

ಡಾಕ್ಟರು ನನ್ನನ್ನು ಮಲಗಿಸಿ ಕಾಲು ಎತ್ತಿದರು. ಅದು ಯಾವ ನಾಚಿಕೆಯೂ ಇಲ್ಲದೆ ಸೀದಾ ಫ್ಯಾನಿನ ಕಡೆ ಎದ್ದಿತು. "ಇವರಿಗೆ ಎಂತದೂ ಇಲ್ಲ" ಎಂದರು.

"ಅದು ನಿಮ್ಮ ಕೈಗೆ ಸಿಗುವ ನೋವಲ್ಲ" ಎಂದ ಅಣ್ಣ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆಪರೇಶನ್ ಆಗಿ ಅಣ್ಣ ಮತ್ತೆ ನಡೆದಾಡಿದ. ಬಂದವರಿಗೆಲ್ಲ ತನ್ನದಕ್ಕಿಂತ ನನ್ನ ನೋವಿನ ಕಥೆಯನ್ನೇ ಹೆಚ್ಚು ಹೇಳಿದ. ಹೋದ ವರ್ಷ ಎದೆನೋವಿನಿಂದ ತೀರಿಕೊಂಡ.

ಚಟ್ಟ ಎತ್ತುವಾಗ ನಾನು ಮುಂದೆ ಹೋಗಿ ಬಿದಿರು ಹಿಡಿದೆ. ಪಕ್ಕದ ಮನೆಯ ಶೇಖರಣ್ಣ ನನ್ನ ಕೈ ಬಿಡಿಸಿದರು.

"ನೀನು ಬೇಡ ಮಾರಾಯ. ನಿನ್ನ ಸೊಂಟಕ್ಕೆ ಆಗ್ಲಿಕ್ಕಿಲ್ಲ ಅಂತ ಜಯಣ್ಣ ಎಷ್ಟು ಸಲ ಹೇಳಿದ್ದಾರೆ."

ಬೇರೆಯವರು ಎತ್ತಿದರು. ನಾನು ಸೊಂಟಕ್ಕೆ ಕೈ ಕೊಟ್ಟು ಹಿಂದೆ ನಡೆದೆ.